ಕಲ್ಲೆಹದ ಸೆಟ್ಟಿ ಮತ್ತು ಒಂದು ಕಳಶ

ಹೋದ ವರ್ಷ ಗೆಳತಿಯ ಅಕ್ಕನ ಮಗುವಿನ ದೀಕ್ಷಾಸ್ನಾನಕ್ಕೆಂದು ಕನಕಪುರದ ಕಡೆಯ ಒಂದು ಹಳ್ಳಿಗೆ ಹೋಗಿದ್ದೆ. ಚಿಕ್ಕ ಚರ್ಚು. ಭಾನುವಾರದ ಪೂಜೆ ಮುಗಿದ ಮೇಲೆ ಮನೆಯವರಷ್ಟೇ ಉಳಿದುಕೊಂಡರು. ಬಾಗಿಲ ಹತ್ತಿರ ಮೊಣಕಾಲೆತ್ತರದ ಕಂಬದ ಮೇಲೆ ಒಂದು ಕಲ್ಲಿನ ತೊಟ್ಟಿ, ಅದಕ್ಕೊಂದು ಮರದ ಮುಚ್ಚಳ. ಫಾದರ್ ಮುಚ್ಚಳ ತೆಗೆದು ಮಗುವಿನ ನೆತ್ತಿಯ ಮೇಲೆ ಮೂರು ಸಲ ನೀರು ಸುರಿದರು. ಮಗು ಕಿರುಚಿತು, ಎಲ್ಲರೂ ನಕ್ಕರು. ಆಮೇಲೆ ಊಟಕ್ಕೆ ಕೂತಾಗ ಗೆಳತಿ ಹೇಳಿದಳು: "ನಮ್ಮಜ್ಜಿ ಕಾಲದಲ್ಲಿ ಇಲ್ಲಿ ಇದ್ದದ್ದು ಬರೀ ಜಪ ಮಾಡೋ ಮನೆ ಕಣೇ. ಮಗು ಹುಟ್ಟಿದ್ರೆ ಎತ್ಕೊಂಡು ದೊಡ್ಡ ಗುಡಿಗೇ ನಡೀಬೇಕಿತ್ತು. ಈ ತೊಟ್ಟಿ ಬಂದ ಮೇಲೇನೇ ಇದೂ ಒಂದು ಗುಡಿ ಅಂತ ಆಗಿದ್ದು."

ಅವಳೂ ಇತಿಹಾಸದವಳೇ. ಹಾಗಾಗಿ ಮಾತು ಅಲ್ಲಿಗೇ ನಿಲ್ಲಲಿಲ್ಲ. ಯುರೋಪಿನಲ್ಲಿ ಮಧ್ಯಯುಗದ ಉದ್ದಕ್ಕೂ ಎಲ್ಲ ಚರ್ಚಿಗೂ ಈ ತೊಟ್ಟಿ ಇರುತ್ತಿರಲಿಲ್ಲ. ತೊಟ್ಟಿ ಇಟ್ಟುಕೊಳ್ಳುವುದು ತಾಯಿಚರ್ಚಿನ ಹಕ್ಕು. ಅದರ ಕೆಳಗಿನ ಸಣ್ಣ ಗುಡಿಗಳಲ್ಲಿ ಪ್ರಾರ್ಥನೆ ನಡೆಯಬಹುದಿತ್ತು. ಆದರೆ ಮಗುವಿಗೆ ನೀರು ಹಾಕಿಸಲು, ಸತ್ತವರನ್ನು ಹೂಳಲು ತಾಯಿಚರ್ಚಿಗೇ ಹೋಗಬೇಕು. ಅದರ ಜೊತೆಗೆ ಹೋಗುವ ಕಾಣಿಕೆಯೂ ಅಲ್ಲಿಗೇ. ಫ್ಲಾರೆನ್ಸಿನಲ್ಲಂತೂ ಊರಿನ ಮಕ್ಕಳಿಗೆಲ್ಲ ಒಂದೇ ದೀಕ್ಷಾಸ್ನಾನಗೃಹ, ಕವಿ ಡಾಂಟೆಗೂ ನೀರು ಬಿದ್ದದ್ದು ಅಲ್ಲಿಯೇ. ಇಂಗ್ಲೆಂಡಿನಲ್ಲಿ 1236ರಲ್ಲಿ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಎಡ್ಮಂಡ್, ತೊಟ್ಟಿಗೆ ಮುಚ್ಚಳ ಹಾಕಿ ಬೀಗ ಜಡಿಯಬೇಕೆಂದು ಕಟ್ಟಳೆ ಮಾಡಿದ. ಜನ ಆ ನೀರನ್ನು ಕದ್ದೊಯ್ದು ಮಾಟಮಂತ್ರಕ್ಕೆ ಬಳಸುತ್ತಾರೆಂಬ ಭಯ. ಒಂದು ಕಲ್ಲಿನ ಪಾತ್ರೆ ಯಾರ ಅಂಗಳದಲ್ಲಿದೆ, ಅದರ ಮುಚ್ಚಳದ ಕೀಲಿ ಯಾರ ಸೊಂಟದಲ್ಲಿದೆ ಎಂಬುದರ ಮೇಲೆ ಒಂದು ಊರು ಇನ್ನೊಂದು ಊರಿಗೆ ಅಧೀನವೋ ಅಲ್ಲವೋ ಎಂಬುದು ತೀರ್ಮಾನವಾಗುತ್ತಿತ್ತು.

ಬಸ್ಸಿನಲ್ಲಿ ವಾಪಸ್ಸು ಬರುವಾಗ ನನ್ನ ತಲೆಯಲ್ಲಿ ಸುತ್ತುತ್ತಿದ್ದುದು ತೊಟ್ಟಿಯಲ್ಲ, ಒಂದು ಪದ. ಆರು ವರ್ಷದಿಂದ ನಾನು ಓದುತ್ತಿರುವ ಶಾಸನವೊಂದರಲ್ಲಿ ಬರುವ "ಕಳಶ" ಎಂಬ ಪದ. ಅದನ್ನು ಅಲ್ಲಿಯವರೆಗೆ ಕಣ್ಣಿಗೆ ಬೀಳದಂತೆ ದಾಟಿಕೊಂಡು ಹೋಗಿದ್ದೆ.

ಆ ಶಾಸನ ಮಾಗಡಿ ತಾಲ್ಲೂಕಿನ ಕಲ್ಯದ್ದು. ಶಕವರ್ಷ 1290, ಕೀಲಕ ಸಂವತ್ಸರ, ಭಾದ್ರಪದ ಶುದ್ಧ ದಶಮಿ, ಗುರುವಾರ. ನಮ್ಮ ಲೆಕ್ಕದಲ್ಲಿ 1368ರ ಆಗಸ್ಟ್ 24. ಇದೇ ಒಕ್ಕಣೆಯ ಇನ್ನೊಂದು ಕಲ್ಲು ಶ್ರವಣಬೆಳಗೊಳದ ಭಂಡಾರಿ ಬಸದಿಯಲ್ಲಿದೆ. ಬಿ. ಎಲ್. ರೈಸ್ ಬೆಳಗೊಳದ ಕಲ್ಲನ್ನು 1889ರಲ್ಲಿ 136ನೇ ಸಂಖ್ಯೆಯಾಗಿ ಅಚ್ಚು ಹಾಕಿಸಿದರು. 1923ರಲ್ಲಿ ಆರ್. ನರಸಿಂಹಾಚಾರ್ಯರ ಪರಿಷ್ಕೃತ ಸಂಪುಟ ಬಂದಾಗ ಅದು 344 ಆಯಿತು. ಕಲ್ಯದ ಕಲ್ಲು 1905ರ ಬೆಂಗಳೂರು ಜಿಲ್ಲೆಯ ಸಂಪುಟದಲ್ಲಿ "ಮಾಗಡಿ 18" ಎಂದು ಬಂತು. ಈ ಸಂಖ್ಯೆಗಳ ಗೊಂದಲದಲ್ಲಿ ನನ್ನಂಥ ಎಷ್ಟು ವಿದ್ಯಾರ್ಥಿಗಳ ಅಡಿಟಿಪ್ಪಣಿಗಳು ಕೆಟ್ಟಿವೆಯೋ. ಬೆಳಗೊಳದ ಕಲ್ಲಿಗೆ ಯಾತ್ರಿಕರಿದ್ದಾರೆ, ಫೋಟೊ ತೆಗೆಯುವವರಿದ್ದಾರೆ. ಪಠ್ಯಪುಸ್ತಕದಲ್ಲೂ ಅದಕ್ಕೆ ಒಂದು ವಾಕ್ಯ ಮೀಸಲು: ವಿಜಯನಗರದ ಬುಕ್ಕರಾಯ ಜೈನರಿಗೂ ವೈಷ್ಣವರಿಗೂ ಒಪ್ಪಂದ ಮಾಡಿಸಿ ಧರ್ಮಸಹಿಷ್ಣುತೆ ಮೆರೆದ. ನಾನೂ ಹತ್ತನೇ ತರಗತಿಯಲ್ಲಿ ಇದನ್ನು ಎರಡು ಅಂಕಕ್ಕೆ ಬರೆದವಳೇ. ಆ ಒಪ್ಪಂದದ ಎರಡನೆಯ ಕಲ್ಲು ನಮ್ಮದೇ ತಾಲ್ಲೂಕಿನಲ್ಲಿದೆ ಎಂದು ಯಾವ ಮೇಷ್ಟರೂ ಹೇಳಿರಲಿಲ್ಲ.

ಶಾಸನದಲ್ಲಿರುವ ಸಂಗತಿ ಇಷ್ಟು. ಜೈನರಿಗೂ "ಭಕ್ತ"ರಿಗೂ, ಅಂದರೆ ಶ್ರೀವೈಷ್ಣವರಿಗೂ, ವ್ಯಾಜ್ಯ ಹುಟ್ಟಿತು. ಭಕ್ತರು ಮಾಡುವ ಅನ್ಯಾಯಗಳನ್ನು ಹೇಳಿಕೊಂಡು ಜೈನರು ಬುಕ್ಕರಾಯನ ಬಳಿಗೆ ಹೋದರು. ರಾಯ ಎರಡೂ ಕಡೆಯವರನ್ನು ಕರೆಸಿ, ಜೈನರ ಕೈಹಿಡಿದು ಅದನ್ನು ವೈಷ್ಣವರ ಕೈಯಲ್ಲಿ ಇರಿಸಿ, ಎರಡು ದರ್ಶನಗಳಿಗೂ ಭೇದವಿಲ್ಲ ಎಂದು ಸಾರಿದ. ನಾಟಕದಲ್ಲಿ ತೆರೆ ಬೀಳಬೇಕಾದ ಜಾಗ ಇದು. ಪಠ್ಯಪುಸ್ತಕದಲ್ಲಿ ತೆರೆ ಬೀಳುವುದೂ ಇಲ್ಲಿಯೇ. ಕಲ್ಲಿನ ಮೇಲೆ ಮಾತ್ರ ಇನ್ನೂ ಅರ್ಧಕ್ಕಿಂತ ಹೆಚ್ಚು ಬರಹ ಬಾಕಿ ಇರುತ್ತದೆ.

ಮೊದಲು, ದೂರು ಕೊಟ್ಟವರು ಯಾರು ಎಂದು ನೋಡಬೇಕು. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹ ಎಂಬ ಪಟ್ಟಣಗಳೂ ಸೇರಿದಂತೆ ಸಮಸ್ತ ನಾಡುಗಳ ಜೈನರು. ಈ ಕಲ್ಲೆಹವೇ ಕಲ್ಯ. ಆನೆಗೊಂದಿ ಎಂದರೆ ತುಂಗಭದ್ರೆಯ ಆಚೆ ದಡದ, ರಾಜಧಾನಿಗೆ ಎದುರಾಗಿ ನಿಂತ ಊರು. ಪೆನುಗೊಂಡೆ ಮುಂದೆ ವಿಜಯನಗರಕ್ಕೇ ರಾಜಧಾನಿಯಾದ ದುರ್ಗ. ಇವುಗಳ ಸಾಲಿನಲ್ಲಿ, ಇವತ್ತು ಮಾಗಡಿಯಿಂದ ಹೊರಟ ಬಸ್ಸು ಎರಡು ನಿಮಿಷ ನಿಂತು ಮುಂದಕ್ಕೆ ಹೋಗುವ ಕಲ್ಯ. ಒಂದು ಊರನ್ನು ಹೀಗೆ ಹೆಸರು ಹಿಡಿದು ಪಟ್ಟಣವೆಂದು ಕರೆಯಬೇಕಾದರೆ ಅಲ್ಲಿ ವ್ಯಾಪಾರವಿರಬೇಕು, ದುಡ್ಡಿರಬೇಕು, ರಾಯನ ತನಕ ಹೋಗಿ ಬರುವಷ್ಟು ಗಟ್ಟಿಯಾದ ಜನ ಇರಬೇಕು. ಅಂಥವರಲ್ಲಿ ಒಬ್ಬನ ಹೆಸರು ಶಾಸನದ ಕೊನೆಯಲ್ಲಿ ಬರುತ್ತದೆ. ಅವನ ಹತ್ತಿರ ಆಮೇಲೆ ಬರುತ್ತೇನೆ.

ಎದುರು ಕಡೆಯವರ ಪಟ್ಟಿ ಇನ್ನೂ ಉದ್ದ. ಕೋವಿಲ್ ಎಂದರೆ ಶ್ರೀರಂಗ. ತಿರುಮಲೆ, ಕಂಚಿಯ ಪೆರುಮಾಳ್ ಕೋವಿಲ್, ಮೇಲುಕೋಟೆಯಾದ ತಿರುನಾರಾಯಣಪುರ. ಈ ನಾಲ್ಕು ಕ್ಷೇತ್ರಗಳ ಆಚಾರ್ಯರು ಮೊದಲು. ಆಮೇಲೆ ದೇವಸ್ಥಾನದ ನಾನಾ ಕೈಂಕರ್ಯದವರು, ತೀರ್ಥದ ನೀರಿನ ಸೇವೆಯವರು, ಬೋವರು, ಕೊನೆಗೆ ತಿರುಕುಲ ಮತ್ತು ಜಾಂಬವಕುಲದವರು, ಎಲ್ಲ ಸೇರಿ ಹದಿನೆಂಟು ನಾಡಿನ ಶ್ರೀವೈಷ್ಣವರು. ತಿರುಕುಲ, ಜಾಂಬವಕುಲ ಎಂದರೆ ಹೊಲೆಯ, ಮಾದಿಗ ಸಮುದಾಯಗಳಿಗೆ ವೈಷ್ಣವ ವಲಯದಲ್ಲಿದ್ದ ಹೆಸರುಗಳು. ರಾಜನೊಬ್ಬ ಕಟ್ಟಿಸಿದ ಧಾರ್ಮಿಕ ರಾಜಿಯಲ್ಲಿ ಇವರನ್ನೂ ಒಂದು ಪಕ್ಷದವರಾಗಿ ಹೆಸರಿಸಿದ್ದಾರೆ. ಪಟ್ಟಿಯ ತುದಿಯಲ್ಲಿಟ್ಟಿದ್ದಾರೆ ಎಂಬುದೂ ನಿಜ. ಏಕೆ ಹೆಸರಿಸಬೇಕಾಯಿತು ಎಂದು ಯೋಚಿಸಿದರೆ ನನಗೆ ತೋಚುವುದು ಒಂದೇ: ಬೀದಿಯಲ್ಲಿ ಜಗಳ ನಡೆದಾಗ ಬೀದಿಯಲ್ಲಿದ್ದವರು ಇವರೂ ಹೌದು. ಆಚಾರ್ಯರು ಮಾತ್ರ ಒಪ್ಪಿದರೆ ಜಗಳ ನಿಲ್ಲುತ್ತಿರಲಿಲ್ಲ.

ಜಗಳ ಬೀದಿಯದ್ದು ಎಂದು ನಾನು ಹೇಳುವುದಕ್ಕೆ ಆಧಾರ, ರಾಯ ಜೈನರಿಗೆ ಕೊಡಿಸಿದ್ದು ಏನು ಎಂಬುದರಲ್ಲಿದೆ. ಭೇದವಿಲ್ಲ ಎಂಬ ದೊಡ್ಡ ಮಾತಾದ ತಕ್ಷಣ ಶಾಸನ ತೀರಾ ಸಣ್ಣ ವಿವರಕ್ಕೆ ಇಳಿಯುತ್ತದೆ. ಹಿಂದಿನ ಪದ್ಧತಿಯಂತೆಯೇ ಜೈನದರ್ಶನಕ್ಕೆ ಪಂಚಮಹಾವಾದ್ಯಗಳೂ ಕಳಶವೂ ಸಲ್ಲಬೇಕು. ಅಷ್ಟೇ. ಬಸದಿಗೆ ಭೂಮಿ ಬಿಟ್ಟ ಮಾತಿಲ್ಲ, ತತ್ತ್ವದ ಮಾತಿಲ್ಲ. ಆತ್ಮ, ಕರ್ಮ, ಈಶ್ವರ ಇದ್ದಾನೋ ಇಲ್ಲವೋ ಎಂಬ ವಾದಗಳ ಸುಳಿವೂ ಇಲ್ಲ. ಐದು ವಾದ್ಯ ಮತ್ತು ಒಂದು ಪಾತ್ರೆ.

ಶೃಂಗ, ತಮ್ಮಟ, ಶಂಖ, ಭೇರಿ, ಜಯಘಂಟೆ ಎಂದು ಪಂಚಮಹಾವಾದ್ಯಗಳನ್ನು ಎಣಿಸುವ ರೂಢಿ. ಇವು ಕೇವಲ ಸಂಗೀತವಲ್ಲ, ಬಿರುದು. ಸಾಮಂತರಿಗೆ, ದಂಡನಾಯಕರಿಗೆ ರಾಜರು ದಯಪಾಲಿಸುತ್ತಿದ್ದ ಗೌರವ. ಯಾವ ದೇವರ ಮುಂದೆ ಇವು ಮೊಳಗುತ್ತವೋ ಆ ದೇವರಿಗೆ ಊರಿನಲ್ಲಿ ರಾಜಮರ್ಯಾದೆ ಇದೆ ಎಂದು ಅರ್ಥ. ಭೇರಿ ಗರ್ಭಗುಡಿಯೊಳಗೆ ಬಾರಿಸುವ ವಾದ್ಯವಲ್ಲ. ಅದು ಹೊರಗೆ ಬರುತ್ತದೆ, ಬೀದಿ ಹಿಡಿಯುತ್ತದೆ, ಎದುರು ಮನೆಯವನ ಕಿವಿಗೂ ಬೀಳುತ್ತದೆ.

ಕಳಶಕ್ಕೆ ಎರಡು ಅರ್ಥ ಹೇಳಬಹುದು. ಗೋಪುರದ ತುದಿಯ ಕಳಶ ಒಂದು, ಅಭಿಷೇಕದ ನೀರು ತುಂಬಿದ ಕಳಶ ಇನ್ನೊಂದು. ಮೊದಲನೆಯದಾದರೆ ಅದು ಕಟ್ಟಡದ ಹಕ್ಕು, ಬಸದಿಯ ನೆತ್ತಿ ಎದ್ದು ಕಾಣಬಹುದೋ ಬೇಡವೋ ಎಂಬುದು. ನನ್ನ ಒಲವು ಎರಡನೆಯದರ ಕಡೆಗೆ. ವಾದ್ಯದ ಜೊತೆಯಲ್ಲೇ ಒಂದೇ ಉಸಿರಿನಲ್ಲಿ ಬಂದಿರುವುದರಿಂದ, ಇವೆರಡೂ ಒಂದೇ ಮೆರವಣಿಗೆಗೆ ಸೇರಿದವು ಎಂದು ಓದುವುದು ಸಹಜ. ನಮ್ಮ ಊರುಗಳಲ್ಲಿ ಇವತ್ತಿಗೂ ಕೆರೆಯಿಂದಲೋ ಬಾವಿಯಿಂದಲೋ ನೀರು ತುಂಬಿ, ವಾಲಗ ಊದಿಸಿಕೊಂಡು, ತಲೆಯ ಮೇಲೆ ಕಳಶ ಹೊತ್ತು ಗುಡಿಗೆ ಬರುವುದಿಲ್ಲವೇ? ಹಾಗೆ ಬರುವಾಗ ದಾರಿ ಬಿಡಬೇಕಾದವರು ದಾರಿ ಬಿಡಬೇಕು. ಯಾವ ಬೀದಿಯಲ್ಲಿ ಯಾರ ಕಳಶ ಹೋಗಬಹುದು ಎಂಬ ಪ್ರಶ್ನೆಗೆ ನಮ್ಮ ಹಳ್ಳಿಗಳಲ್ಲಿ ಈಗಲೂ ಪೊಲೀಸ್ ವ್ಯಾನು ಬಂದು ನಿಲ್ಲುವುದುಂಟು. ಜೈನರಿಗಂತೂ ಅಭಿಷೇಕ ಬಿಟ್ಟರೆ ಪೂಜೆಯೇ ಇಲ್ಲ ಎನ್ನುವಷ್ಟು ಅದು ಮುಖ್ಯ. ಬೆಳಗೊಳದ ಗೊಮ್ಮಟನಿಗೆ ನಡೆಯುವ ಮಸ್ತಕಾಭಿಷೇಕದ ಮೊದಲ ಶಾಸನೋಲ್ಲೇಖವೆಂದು ಗುರುತಿಸುವುದು 1398ರದ್ದನ್ನು, ಅಂದರೆ ಈ ಒಪ್ಪಂದವಾಗಿ ಮೂವತ್ತು ವರ್ಷದ ಮೇಲೆ.

ಗೆಳತಿ ತೋರಿಸಿದ ಕಲ್ಲಿನ ತೊಟ್ಟಿಗೂ ಈ ಕಳಶಕ್ಕೂ ನಂಟು ಕಂಡದ್ದು ಇಲ್ಲಿ. ಎರಡೂ ನೀರು ಹಿಡಿಯುವ ಪಾತ್ರೆಗಳು. ಎರಡರಲ್ಲೂ ನೀರಿಗಿಂತ ಮುಖ್ಯವಾದದ್ದು, ಈ ಪಾತ್ರೆ ಇಟ್ಟುಕೊಳ್ಳಲು ನಿಮಗೆ ಅಧಿಕಾರ ಕೊಟ್ಟವರು ಯಾರು ಎಂಬುದು. ನಮ್ಮ ಸೀಮೆಯ ಕ್ರೈಸ್ತರಿಗೂ ಇದು ಹೊಸ ಪ್ರಶ್ನೆಯಲ್ಲ. 17ನೇ ಶತಮಾನದ ನಡುವಿನಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಇಟಲಿಯ ಜೆಸ್ವಿತ್ ಪಾದ್ರಿ ಲಿಯೊನಾರ್ಡೊ ಚಿನ್ನಾಮಿ ಸನ್ಯಾಸಿಯ ವೇಷ ತೊಟ್ಟು, ಕನ್ನಡ ಕಲಿತು, ಕನ್ನಡದಲ್ಲೇ ಬರೆದು ಮೈಸೂರು ಮಿಷನ್ನನ್ನು ಕಟ್ಟಿದ. ಕನಕಪುರ ತಾಲ್ಲೂಕಿನ ಹಾರೋಬೆಲೆಯಂಥ ಹಳೆಯ ಕ್ರೈಸ್ತ ಊರುಗಳ ಬೇರು ಆ ಪಾದ್ರಿಗಳ ಓಡಾಟದಲ್ಲಿದೆ. ದೀಕ್ಷಾಸ್ನಾನದ ವಿಧಿಯಲ್ಲಿ ಆಗ ಪಾದ್ರಿ ತನ್ನ ಎಂಜಲನ್ನು ಬೆರಳಲ್ಲಿ ತೆಗೆದು ದೀಕ್ಷೆ ಪಡೆಯುವವರ ಕಿವಿ ಮೂಗಿಗೆ ಸವರಬೇಕಿತ್ತು. ಎಂಜಲು ಎಂದರೆ ನಮ್ಮ ದೇಶದಲ್ಲಿ ಏನೆಂದು ಬಲ್ಲ ಜೆಸ್ವಿತರು ಆ ಭಾಗವನ್ನು ಬಿಟ್ಟುಬಿಡುತ್ತಿದ್ದರು. ಪಾಂಡಿಚೇರಿಗೆ ಬಂದ ಪೋಪನ ಪ್ರತಿನಿಧಿ ತೂರ್ನೋ 1704ರಲ್ಲಿ ಅದು ಕೂಡದು, ಎಂಜಲನ್ನು ಬಿಡುವಂತಿಲ್ಲ ಎಂದು ಆಜ್ಞೆ ಹೊರಡಿಸಿದ. ಈ ತಕರಾರು ರೋಮಿನಲ್ಲಿ 1744ರವರೆಗೂ ಎಳೆದಾಡಿತು. ಪಾತ್ರೆ ಅದೇ, ನೀರು ಅದೇ. ಅದರ ಜೊತೆಗೆ ಬರುವ ಮುಟ್ಟು ತಟ್ಟಿನ ಲೆಕ್ಕ ಮಾತ್ರ ಎಲ್ಲಿ ಹೋದರೂ ಬೆನ್ನು ಬಿಡುವುದಿಲ್ಲ.

ಮತ್ತೆ ಕಲ್ಯಕ್ಕೆ ಬರುತ್ತೇನೆ. ನನ್ನ ಪ್ರಬಂಧದ ಎರಡನೆಯ ಅಧ್ಯಾಯದ ಮೊದಲ ಕರಡಿನಲ್ಲಿ ನಾನು ಬುಕ್ಕರಾಯನನ್ನು ಹೊಗಳಿ ನಾಲ್ಕು ಪುಟ ಬರೆದಿದ್ದೆ. ಮಾರ್ಗದರ್ಶಕರು ಓದಿ, ಅಂಚಿನಲ್ಲಿ ಪೆನ್ಸಿಲಿನಿಂದ ಮೂರೇ ಪದ ಬರೆದು ವಾಪಸ್ಸು ಕೊಟ್ಟರು: "ಹಣ ಕೊಟ್ಟವರು ಯಾರು?" ನನಗೆ ಸಿಟ್ಟು ಬಂತು. ನಾನು ದರ್ಶನದ ಮಾತಾಡುತ್ತಿದ್ದರೆ ಇವರು ದುಡ್ಡು ಕೇಳುತ್ತಾರಲ್ಲ ಎಂದುಕೊಂಡೆ. ಆಮೇಲೆ ಶಾಸನದ ಉತ್ತರಾರ್ಧವನ್ನು ಮೊದಲ ಸಲ ನಿಧಾನವಾಗಿ ಓದಿದೆ.

ಅಲ್ಲಿರುವ ಏರ್ಪಾಡು ಹೀಗೆ. ರಾಜ್ಯದಲ್ಲಿರುವ ಎಲ್ಲ ಜೈನರ ಮನೆಗಳೂ "ಬಾಗಿಲುಗಟ್ಟಳೆ"ಯಾಗಿ, ಅಂದರೆ ಬಾಗಿಲಿಗೆ ಇಷ್ಟೆಂಬ ಲೆಕ್ಕದಲ್ಲಿ, ವರ್ಷಕ್ಕೆ ಒಂದು ಹಣ ಕೊಡಬೇಕು. ಹಣ ಎಂದರೆ ಆ ಕಾಲದ ಪುಟ್ಟ ಚಿನ್ನದ ನಾಣ್ಯ. ಅದನ್ನು ಎತ್ತುವ, ಖರ್ಚು ಮಾಡುವ ಹೊಣೆ ತಿರುಮಲೆಯ ತಾತಯ್ಯನದು. ಆತ ಶ್ರೀವೈಷ್ಣವ ಆಚಾರ್ಯ. ಬಂದ ಹೊನ್ನಿನಲ್ಲಿ ಬೆಳಗೊಳದ ದೇವರ ಅಂಗರಕ್ಷೆಗೆ ವೈಷ್ಣವರ ಕಡೆಯಿಂದ ಇಪ್ಪತ್ತು ಆಳುಗಳನ್ನು ನೇಮಿಸಬೇಕು. ಮಿಕ್ಕಿದ್ದರಲ್ಲಿ ಹಾಳುಬಿದ್ದ ಜಿನಾಲಯಗಳಿಗೆ "ಸೊದೆ" ಬಳಿಸಬೇಕು. ಸೊದೆ ಎಂದರೆ ಸುಣ್ಣ.

ಬಿಡಿಸಿ ಹೇಳುವುದಾದರೆ, ತಮ್ಮ ಮೇಲೆ ಅನ್ಯಾಯವಾಗಿದೆ ಎಂದು ದೂರು ಕೊಟ್ಟವರು ತಮ್ಮ ಕಾವಲಿಗೆ ತಾವೇ ದುಡ್ಡು ಕೊಡಬೇಕು. ಯಾರ ಮೇಲೆ ದೂರು ಇತ್ತೋ ಅವರ ಗುರು ಆ ದುಡ್ಡಿನ ಪಾರುಪತ್ಯಗಾರ. ಕಾವಲು ಕಾಯುವ ಆಳುಗಳನ್ನು ಇಡುವವರೂ ಆ ಕಡೆಯವರೇ. ಜೈನರ ಒಪ್ಪಿಗೆಯಿಂದಲೇ ಇದು ನಡೆಯಿತು ಎಂದು ಶಾಸನ ಹೇಳುತ್ತದೆ. ಒಪ್ಪಿರಬಹುದು. ಬೇರೆ ದಾರಿ ಏನಿತ್ತು ಎಂದು ಶಾಸನವನ್ನು ಕೇಳಲಾಗುವುದಿಲ್ಲ.

ಇದನ್ನು ಕಂಡುಕೊಂಡ ವಾರ ನಾನು ಎದುರು ತುದಿಗೆ ಹಾರಿದೆ. ಇದು ಸಹಿಷ್ಣುತೆಯೇ ಅಲ್ಲ, ರಕ್ಷಣೆಯ ಹೆಸರಿನ ಸುಲಿಗೆ ಎಂದು ಇನ್ನೊಂದು ಕರಡು ಬರೆದೆ. ಅದೂ ಸರಿಹೋಗಲಿಲ್ಲ. ಏಕೆಂದರೆ ಅದೇ ಶಾಸನ, ಭಕ್ತರಿಂದ ಜೈನದರ್ಶನಕ್ಕೆ ಹಾನಿಯಾಗಲಿ ವೃದ್ಧಿಯಾಗಲಿ ಅದನ್ನು ವೈಷ್ಣವರು ತಮ್ಮದೇ ಹಾನಿ ವೃದ್ಧಿಯೆಂದು ಭಾವಿಸಬೇಕು ಎಂದು ಅವರ ಕೈ ಕಟ್ಟಿಹಾಕುತ್ತದೆ. ರಾಜ್ಯದ ಎಲ್ಲ ಬಸದಿಗಳಲ್ಲೂ ಈ ಶಾಸನವನ್ನು ನೆಡಬೇಕಾದವರು ಶ್ರೀವೈಷ್ಣವರು. ಜೈನರಲ್ಲ. ತಪ್ಪು ಯಾರದೋ ಅವರೇ ತಮ್ಮ ಮುಚ್ಚಳಿಕೆಯನ್ನು ಎದುರಾಳಿಯ ಬಾಗಿಲಲ್ಲಿ ಕಲ್ಲು ನೆಟ್ಟು ಸಾರಬೇಕು. ಜೈನರ ದುಡ್ಡು ತಾತಯ್ಯನ ಕೈಗೆ ಹೋಗುವುದೂ ಹೀಗೆ ಬೇರೊಂದು ಬಣ್ಣ ಪಡೆಯುತ್ತದೆ: ದುಡ್ಡು ತೆಗೆದುಕೊಂಡವನು ಇನ್ನು ತಪ್ಪಿಸಿಕೊಳ್ಳುವ ಹಾಗಿಲ್ಲ. ಬೆಳಗೊಳದಲ್ಲಿ ಏನಾದರೂ ಆದರೆ ಇಪ್ಪತ್ತು ಆಳುಗಳು ಎಲ್ಲಿದ್ದರು ಎಂದು ಅವನನ್ನೇ ಕೇಳಬೇಕು. ವ್ಯಾಪಾರಿಗಳು ಕಟ್ಟಿದ ಕರಾರು ಇದ್ದ ಹಾಗಿದೆ ಇದು.

ಭಾಷೆಯಂತೂ ಪೂರ್ತಿ ಒಂದು ಕಡೆಯದೇ. ಶಾಸನ ಶುರುವಾಗುವುದು ರಾಮಾನುಜರ ಸ್ತುತಿಯಿಂದ, ಪಾಷಂಡಿಗಳೆಂಬ ಸಮುದ್ರವನ್ನು ಸುಡುವ ಬಡಬಾಗ್ನಿ ಎಂದು ಅವರನ್ನು ಕೊಂಡಾಡುವ ಶ್ಲೋಕದಿಂದ. ಆ ಸಮುದ್ರದಲ್ಲಿ ಜೈನರೂ ಸೇರಿದ್ದರು ಎಂಬುದು ಎಲ್ಲರಿಗೂ ಗೊತ್ತಿದ್ದ ವಿಷಯ. ತಮ್ಮ ರಕ್ಷಣೆಯ ಕಲ್ಲಿನ ನೆತ್ತಿಯ ಮೇಲೆ ತಮ್ಮನ್ನೇ ಸುಡುವ ಬೆಂಕಿಯ ಸ್ತುತಿ. ಮುಗಿಯುವಾಗ ಬರುವ ಶಾಪವೂ ಹಾಗೆಯೇ: ಕಟ್ಟಳೆ ಮೀರಿದವನಿಗೆ ಗಂಗೆಯ ದಡದಲ್ಲಿ ಕಪಿಲೆಯನ್ನೂ ಬ್ರಾಹ್ಮಣನನ್ನೂ ಕೊಂದ ಪಾಪ. ಜೈನರ ಕಳಶವನ್ನು ಕಾಯುವುದಕ್ಕೆ ಜೈನರದ್ದಲ್ಲದ ಭಯ ಬೇಕಾಯಿತು. ಮುರಿಯುವ ಕೈ ಯಾರದೋ ಅವನಿಗೆ ತಾಗುವ ಶಾಪವನ್ನೇ ತಾನೇ ಬರೆಸಬೇಕು? ಆ ಮಟ್ಟಿಗೆ ಬರೆಸಿದವರು ಜಾಣರು.

ಬರೆಸಿದವರು ಯಾರು? ಕೊನೆಯ ಸಾಲುಗಳಲ್ಲಿ ಅವನು ಕಾಣಿಸಿಕೊಳ್ಳುತ್ತಾನೆ. ಕಲ್ಲೆಹದ ಹರ್ವಿಸೆಟ್ಟಿಯ ಮಗ ಬುಸುವಿಸೆಟ್ಟಿ. ಬುಕ್ಕರಾಯನಿಗೆ ಬಿನ್ನಹ ಮಾಡಿಕೊಂಡವನು, ತ��ರುಮಲೆಯಿಂದ ತಾತಯ್ಯನನ್ನು ಕರೆಸಿದವನು, ಜೀರ್ಣೋದ್ಧಾರ ಮಾಡಿಸಿದವನು ಅವನೇ. ಎರಡೂ ಸಮಯದವರು ಕೂಡಿ ಅವನಿಗೆ ಸಂಘನಾಯಕ ಪಟ್ಟ ಕಟ್ಟಿದರು. ಎರಡೂ ಸಮಯದವರು! ಜೈನ ಸೆಟ್ಟಿಗೆ ಶ್ರೀವೈಷ್ಣವರೂ ಸೇರಿ ಪಟ್ಟ ಕಟ್ಟಿದ್ದು ಈ ಇಡೀ ಪ್ರಕರಣದಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ತಡೆದು ನಿಲ್ಲಿಸಿದ ಸಂಗತಿ. ರಾಯ ಕೈಗೆ ಕೈ ಕೊಡಿಸಿದ್ದು ಒಂದು ದಿನದ ಕೆಲಸ. ಅದಕ್ಕೆ ಮುಂಚೆ ಮತ್ತು ಆಮೇಲೆ ಊರಿಂದೂರಿಗೆ ತಿರುಗಿ, ಯಾರನ್ನು ಕರೆಸಬೇಕು, ಎಷ್ಟು ಹಣ ಎತ್ತಬೇಕು, ಅದನ್ನು ಯಾರ ಕೈಗೆ ಒಪ್ಪಿಸಿದರೆ ಎದುರು ಪಕ್ಷ ಬಾಯಿ ಮುಚ್ಚುತ್ತದೆ ಎಂದು ಲೆಕ್ಕ ಹಾಕಿದವನು ಕಲ್ಯದ ಈ ವರ್ತಕನೇ ಇರಬೇಕು. ಪಠ್ಯಪುಸ್ತಕದ ವಾಕ್ಯದಲ್ಲಿ ಅವನಿಗೆ ಜಾಗವಿಲ್ಲ. 1368ರ ಈ ಕಲ್ಲಿನಲ್ಲಿ ಬುಕ್ಕನಿಗಿರುವ ಬಿರುದೂ ಮಹಾಮಂಡಲೇಶ್ವರ ಎಂಬುದಷ್ಟೇ. ನಾವು ಆಮೇಲೆ ತೊಡಿಸಿದ ಸಾಮ್ರಾಟನ ಕಿರೀಟ ಆ ದಿನ ಅವನ ತಲೆಯ ಮೇಲೆ ಇರಲಿಲ್ಲ. ಬೆಳೆಯುತ್ತಿದ್ದ ರಾಜ್ಯದ ಒಡೆಯನಿಗೆ ವರ್ತಕರೂ ಬೇಕು, ಆಚಾರ್ಯರೂ ಬೇಕು.

ಒಪ್ಪಂದ ನಿಂತಿತೇ? ರಾಜಧಾನಿಯಲ್ಲಿ ನಿಂತ ಹಾಗೆ ಕಾಣುತ್ತದೆ. ಇರುಗಪ್ಪ ದಂಡನಾಯಕ 1385ರ ಸುಮಾರಿಗೆ ಹಂಪೆಯಲ್ಲಿ ಕುಂಥುನಾಥನ ಜಿನಾಲಯ ಕಟ್ಟಿಸಿದ, ನಾವು ಈಗ ಗಾಣಗಿತ್ತಿ ಗುಡಿ ಎನ್ನುವುದು ಅದನ್ನೇ. ಎರಡನೆಯ ದೇವರಾಯ 1426ರಲ್ಲಿ ಪಾನ್ ಸುಪಾರಿ ಬಜಾರಿನಲ್ಲಿ ಪಾರ್ಶ್ವನಾಥನ ಬಸದಿ ಎತ್ತಿಸಿದ. ಕಲ್ಯದಲ್ಲಿ ಮಾತ್ರ ಕಥೆ ಬೇರೆ ಕಡೆ ತಿರುಗಿತು. ಇವತ್ತು ಕಲ್ಯ ಎಂದರೆ ವೀರಶೈವರ ಊರು. ಬಸವಪುರಾಣವನ್ನು ತೆಲುಗಿನಲ್ಲಿ ಬರೆದ ಪಾಲ್ಕುರಿಕೆ ಸೋಮನಾಥ ಲಿಂಗೈಕ್ಯನಾದದ್ದು ಇಲ್ಲಿಯೇ ಎಂದು ಪರಂಪರೆ ನಂಬುತ್ತದೆ. ಆ ಪುರಾಣದಲ್ಲಿ ಜೈನರ ಬಗ್ಗೆ ಒಳ್ಳೆಯ ಮಾತು ಹುಡುಕಿದರೂ ಸಿಗುವುದು ಕಷ್ಟ. ಅದನ್ನು ಭೀಮಕವಿ ಕನ್ನಡಕ್ಕೆ ತಂದು ಮುಗಿಸಿದ್ದು 1369ರಲ್ಲಿ, ಕಲ್ಯದ ಕಲ್ಲು ನೆಟ್ಟ ಮರುವರ್ಷ. ಇದಕ್ಕೂ ಅದಕ್ಕೂ ಸಂಬಂಧ ಕಲ್ಪಿಸುವ ಆಸೆ ನನಗೆ ಬಂದಿತ್ತು, ಅದುಮಿಟ್ಟುಕೊಂಡಿದ್ದೇನೆ. ಎರಡು ಘಟನೆಗಳು ಪಕ್ಕಪಕ್ಕದ ವರ್ಷದಲ್ಲಿ ಬಂದ ಮಾತ್ರಕ್ಕೆ ನೆಂಟರಾಗುವುದಿಲ್ಲ.

ಆದರೆ ಇದೇ ಬಗೆಯ ಕರಾರು ಇನ್ನೊಮ್ಮೆ ಬರುತ್ತದೆ, 270 ವರ್ಷದ ಮೇಲೆ, ಹಳೇಬೀಡಿನಲ್ಲಿ. 1638ರಲ್ಲಿ ಹುಚ್ಚಪ್ಪದೇವ ಎಂಬ ವೀರಶೈವನೊಬ್ಬ ವಿಜಯಪಾರ್ಶ್ವನಾಥ ಬಸದಿಯ ಕಂಬಗಳ ಮೇಲೆ ಲಿಂಗಮುದ್ರೆ ಒತ್ತಿದ. ವಿಜಯಪ್ಪ ಎಂಬ ಜೈನ ಅದನ್ನು ಅಳಿಸಿದ. ಜಗಳ ದೊಡ್ಡದಾಯಿತು. ಬೇಲೂರಿನ ವೆಂಕಟಾದ್ರಿ ನಾಯಕನ ಕಾಲ. ವೀರಶೈವ ಮಹಾಮಹತ್ತಿನವರೂ ಜೈನ ಸೆಟ್ಟಿಗಳೂ ಕೂಡಿ ರಾಜಿ ಮಾಡಿಕೊಂಡರು: ಜೈನರು ಮೊದಲು ವಿಭೂತಿ ವೀಳ್ಯ ಒಪ್ಪಿಸಬೇಕು, ಆಮೇಲೆ ತಮ್ಮ ಪೂಜೆ ಪುನಸ್ಕಾರಗಳನ್ನು ಎಂದಿನಂತೆ ನಡೆಸಿಕೊಳ್ಳಬಹುದು, ಅದಕ್ಕೆ ಅಡ್ಡಿ ಮಾಡಿದವನು ಶಿವದ್ರೋಹಿ. ಮತ್ತೆ ಅದೇ ನಕ್ಷೆ. ಪೂಜೆ ನಿಮ್ಮದು, ಮೊದಲ ವೀಳ್ಯ ನಮಗೆ. ಶಾಪ ನಮ್ಮ ಭಾಷೆಯಲ್ಲಿ, ರಕ್ಷಣೆ ನಿಮಗೆ. ಈ ಎರಡು ಕಲ್ಲುಗಳನ್ನು ಒಟ್ಟಿಗೆ ಓದಿದ ಮೇಲೆ ನಾನು "ಸಹಿಷ್ಣುತೆ" ಎಂಬ ಪದವನ್ನು ಅಧ್ಯಾಯದಿಂದ ತೆಗೆದೆ. ಅದಕ್ಕೆ ಬದಲಿಯಾಗಿ ಯಾವ ಪದವನ್ನೂ ಹಾಕಲಿಲ್ಲ. ಯಾರು ಏನು ಕೊಟ್ಟರು, ಏನು ಪಡೆದರು ಎಂದಷ್ಟೇ ಬರೆದೆ. ಮಾರ್ಗದರ್ಶಕರು ಈ ಸಲ ಅಂಚಿನಲ್ಲಿ ಏನೂ ಬರೆಯಲಿಲ್ಲ. ಅವರ ಮಟ್ಟಿಗೆ ಅದು ಹೊಗಳಿಕೆ.

ಹೋದ ಬೇಸಿಗೆಯಲ್ಲಿ ಕಲ್ಯಕ್ಕೆ ಮತ್ತೊಮ್ಮೆ ಹೋಗಿದ್ದೆ. ಬಂಡೆಗಳು ಬಿಸಿಲಿಗೆ ಕಾದು ಹೆಂಚಾಗಿದ್ದವು. ವಾಪಸ್ಸು ಬಸ್ಸಿಗೆ ಕಾಯುತ್ತಾ ನೆರಳಿಗೆ ಕೂತು, ಶಾಸನದ ಪುಟಗಳ ಜೆರಾಕ್ಸ್ ತೆಗೆದು ನೋಡುತ್ತಿದ್ದೆ. ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು ಎಲೆಯಡಿಕೆ ಹಾಕಿಕೊಳ್ಳುತ್ತಾ ಇಣುಕಿದರು.

"ಏನ್ ತಾಯಿ ಅದು, ಪಾಣಿ ಪತ್ರನಾ?"

"ಅಲ್ಲ ತಾತ, ನಿಮ್ಮೂರಿನ ಕಲ್ಲಿನ ಮೇಲೆ ಬರೆದಿರೋದು. ಆರುನೂರೈವತ್ತು ವರ್ಷದ್ದು."

"ಏನದೆ ಅದ್ರಲ್ಲಿ?"

ಸಾಧ್ಯವಾದಷ್ಟು ಸರಳವಾಗಿ ಹೇಳಿದೆ. ಜಗಳ, ರಾಯ, ಕೈಗೆ ಕೈ, ತಮಟೆ, ಕಳಶ, ಮನೆಗೊಂದು ಹಣ. ಅವರು ರಾಯನ ವಿಷಯದಲ್ಲಿ ಆಸಕ್ತಿ ತೋರಿಸಲಿಲ್ಲ. ಬುಸುವಿಸೆಟ್ಟಿಯ ಹೆಸರು ಬಂದಾಗ ಮಾತ್ರ ತಲೆ ಎತ್ತಿದರು.

"ನಮ್ಮೂರ ಸೆಟ್ರಾ?"

"ಹೌದು. ಈ ಊರಿನವರೇ."

"ಅವ್ರ ಮಕ್ಳು ಮರಿ ಎಲ್ಲೋದ್ರು?"

"ಅದನ್ನ ಕಲ್ಲಲ್ಲಿ ಬರೆದಿಲ್ಲ ತಾತ."

ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ಮನೆಗೊಂದು ಹಣ ಎತ್ತಿದ್ದರಲ್ಲ, ಅದರಲ್ಲಿ ಸುಣ್ಣ ಹೊಡೆಸಿದರೋ ಇಲ್ಲವೋ ಎಂದು ಕೇಳಿದರು. ಊರ ಗುಡಿಗೆ ಚಂದಾ ಎತ್ತಿ ಅನುಭವವಿದ್ದವರ ಪ್ರಶ್ನೆ ಅದು. ಅಷ್ಟರಲ್ಲಿ ಬಸ್ಸು ಬಂತು. ಹತ್ತುವಾಗ ಕರೆದು, ಆ ಕಾಗದ ಒಂದು ಪ್ರತಿ ಇದ್ದರೆ ಕೊಡು, ನಮ್ಮ ಮೊಮ್ಮಗಳು ಓದುತ್ತಾಳೆ ಎಂದರು. ಕೊನೆಯ ಪುಟವನ್ನು, ಸೆಟ್ಟಿಯ ಹೆಸರಿರುವುದನ್ನು, ಕೊಟ್ಟೆ. ಅದನ್ನು ನಾಲ್ಕು ಮಡಿಕೆ ಮಾಡಿ ಎಲೆಯಡಿಕೆಯ ಚೀಲದೊಳಗೆ ಇಟ್ಟುಕೊಂಡರು.